ದಾವಣಗೆರೆಯ ಮನೆಗೆ ಮೂರನೆಯ ಹಾವು: ಮಣ್ಣುಮುಕ್ಕ ಬೇಡ, ಬೆಳೆದ ಗಂಡು ಬಾಲ್ ಪೈಥಾನ್ ಇರಲಿ

ದಾವಣಗೆರೆಯ ನಿಮ್ಮ ಮನೆಯಲ್ಲಿ ಈಗಾಗಲೇ ಅಮೆರಿಕ ಮೂಲದ, ವಿಷವಿಲ್ಲದ ಎರಡು ಕಾರ್ನ್ ಸ್ನೇಕ್‌ಗಳಿವೆ, ಅವುಗಳ ಜೊತೆಗೆ ಸಾಧು ಸ್ವಭಾವದ, ನಾಲ್ಕೈದು ಅಡಿ ಮೀರದ ಇನ್ನೊಂದು ಹಾವನ್ನು ತರಬೇಕೆಂದಿದ್ದೀರಿ, ಪರಿಚಿತರೊಬ್ಬರು ಜಗಳೂರು ಕಡೆಯ ಹೊಲದಲ್ಲಿ ಸಿಕ್ಕ ಮಣ್ಣುಮುಕ್ಕ ಹಾವನ್ನು ಕೊಡುತ್ತೇನೆ ಎಂದಿದ್ದಾರೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದಲ್ಲಿ ಒಂಬತ್ತು ವರ್ಷಗಳಿಂದ ವಿದೇಶಿ ತಳಿಯ ಹಾವುಗಳನ್ನು ಸಾಕುತ್ತಿದ್ದೇನೆ. ನನ್ನ ಆಯ್ಕೆ ಆಫ್ರಿಕಾದ ಸಣ್ಣ ಹೆಬ್ಬಾವಾದ ಬಾಲ್ ಪೈಥಾನ್, ಅದರಲ್ಲೂ ಗಂಡು. ಆದರೆ ಅದು ಸಾಕಣೆಯಲ್ಲೇ ಹುಟ್ಟಿದ್ದಾಗಿರಬೇಕು, ಒಂದು ವರ್ಷ ದಾಟಿರಬೇಕು ಮತ್ತು ಹೆಪ್ಪುಗಟ್ಟಿಸಿ ಕರಗಿಸಿದ ಇಲಿಯನ್ನು ತಿನ್ನುವ ಅಭ್ಯಾಸ ಅದಕ್ಕೆ ಆಗಿರಬೇಕು.

ಮಣ್ಣುಮುಕ್ಕ ಹಾವನ್ನು ದಯವಿಟ್ಟು ಮುಟ್ಟಬೇಡಿ. ಅದು ನಿಜಕ್ಕೂ ಸಾಧು ಪ್ರಾಣಿ, ಕೈಯಲ್ಲಿ ಹಿಡಿದರೂ ಕಚ್ಚುವುದು ಅಪರೂಪ, ಗಾತ್ರವೂ ನೀವು ಬಯಸಿದಷ್ಟೇ ಇರುತ್ತದೆ. ಅದರ ಈ ಸೌಮ್ಯತೆಯೇ ಅದಕ್ಕೆ ಮುಳುವಾಗಿದೆ. ಬಾಲದ ತುದಿ ತಲೆಯಂತೆಯೇ ಮೊಂಡಾಗಿರುವುದರಿಂದ ಎರಡು ತಲೆ ಹಾವು ಎಂದು ಹೆಸರಿಟ್ಟು, ಅದೃಷ್ಟ ತರುತ್ತದೆ, ನಿಧಿ ತೋರಿಸುತ್ತದೆ ಎಂದು ನಂಬಿಸಿ, ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿ ಮಾರುವ ಜಾಲಗಳು ನಮ್ಮ ಬಯಲುಸೀಮೆಯಲ್ಲಿ ಬಹುಕಾಲದಿಂದ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಣ್ಣುಮುಕ್ಕವನ್ನಾಗಲಿ, ಕೇರೆಯನ್ನಾಗಲಿ, ನಮ್ಮ ಹೆಬ್ಬಾವನ್ನಾಗಲಿ ಹಿಡಿಯುವುದು, ಸಾಕುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಹೊಲದಲ್ಲಿ ಸಿಕ್ಕಿತು, ಯಾರೋ ಪ್ರೀತಿಯಿಂದ ಕೊಟ್ಟರು ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ, ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿ ಹಿಡಿಯುವ ಆ ಹಾವು ಮೆಕ್ಕೆಜೋಳ ಬೆಳೆಯುವ ರೈತನಿಗೆ ಹೊಲದಲ್ಲಿದ್ದರೇ ಲಾಭ. ನಿಮ್ಮ ಪರಿಚಿತರ ಬಳಿ ಅದು ಇನ್ನೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವಂತೆ ಅವರ ಮನವೊಲಿಸಿ. ಇದೇ ಕಾರಣಕ್ಕೆ, ಆಫ್ರಿಕಾ ಮೂಲದ ಕೀನ್ಯನ್ ಸ್ಯಾಂಡ್ ಬೋವಾವನ್ನೂ ನಾನು ನಮ್ಮ ಊರುಗಳಲ್ಲಿ ಯಾರಿಗೂ ಸೂಚಿಸುವುದಿಲ್ಲ. ಅದು ಒಳ್ಳೆಯ ಹಾವೇ ಹೌದು, ಆದರೆ ನಮ್ಮ ಮಣ್ಣುಮುಕ್ಕದ ದಾಯಾದಿ. ನೋಡಿದವರು ತಪ್ಪು ತಿಳಿದು ದೂರು ಕೊಟ್ಟರೆ ಅವರನ್ನು ದೂರುವಂತಿಲ್ಲ.

ಉಳಿದ ಜಾತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೋವಾ ಕನ್‌ಸ್ಟ್ರಿಕ್ಟರ್‌ನ ಹೆಣ್ಣು ಏಳೆಂಟು ಅಡಿ ಬೆಳೆಯಬಲ್ಲದು, ಕಾರ್ಪೆಟ್ ಪೈಥಾನ್ ಮರಿಗಳು ಕಚ್ಚುವುದರಲ್ಲಿ ಮುಂದು, ಕಿಂಗ್ ಸ್ನೇಕ್‌ಗೆ ಬೇರೆ ಹಾವುಗಳೂ ಆಹಾರವೇ ಆದ್ದರಿಂದ ಕಾರ್ನ್ ಸ್ನೇಕ್‌ಗಳಿರುವ ಕೋಣೆಯಲ್ಲಿ ಅದರ ಪೆಟ್ಟಿಗೆಯ ಬಾಗಿಲು ಒಮ್ಮೆ ಮರೆತರೂ ಅನಾಹುತವಾಗುತ್ತದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಗಂಡು ಮೂರು ಮೂರೂವರೆ ಅಡಿಗೆ ನಿಲ್ಲುತ್ತದೆ, ಹೆಣ್ಣು ನಾಲ್ಕೈದು ಅಡಿ ಮುಟ್ಟುತ್ತದೆ. ಹೆದರಿದಾಗ ಕಚ್ಚುವ ಬದಲು ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದಲೇ ಅದಕ್ಕೆ ಆ ಹೆಸರು. ತನ್ನ ನಾಡಿನಲ್ಲಿ ಅದು ಹಗಲನ್ನು ಕಳೆಯುವುದು ಇಲಿಗಳ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುವ ಸೀಮೆಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಹುತ್ತದೊಳಗೆ ಕತ್ತಲೆಯಿದೆ, ಇಕ್ಕಟ್ಟಿದೆ, ಹೊರಗೆ ಎಷ್ಟೇ ಒಣ ಗಾಳಿ ಬೀಸಿದರೂ ಒಳಗೊಂದು ತೇವವಿದೆ. ಈ ಮೂರನ್ನು ಪೆಟ್ಟಿಗೆಯಲ್ಲಿ ಒದಗಿಸಿದವರ ಬಳಿ ಬಾಲ್ ಪೈಥಾನ್ ಸಾಧುವಾಗಿರುತ್ತದೆ. ದೊಡ್ಡ ಗಾಜಿನ ತೊಟ್ಟಿಯಲ್ಲಿ, ಬೆಳಕಿನಲ್ಲಿ, ಅಡಗಲು ಎಡೆಯಿಲ್ಲದಂತೆ ಇಟ್ಟವರ ಬಳಿ ಅದೇ ಹಾವು ತಿಂಗಳುಗಟ್ಟಲೆ ಊಟ ಬಿಟ್ಟು ಬುಸುಗುಟ್ಟುತ್ತಿರುತ್ತದೆ.

ಸಾಧು ಸ್ವಭಾವವನ್ನು ಜಾತಿಯ ಹೆಸರು ನೋಡಿ ಕೊಳ್ಳಲಾಗುವುದಿಲ್ಲ, ಆ ಒಂದು ಹಾವನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಬೆಳೆದ ಹಾವನ್ನು ಆರಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮರಿಯ ಸ್ವಭಾವ ಇನ್ನೂ ನೆಲೆಗೊಂಡಿರುವುದಿಲ್ಲ, ಒಂದೂವರೆ ವರ್ಷದ ಹಾವು ತಾನು ಏನೆಂಬುದನ್ನು ಹತ್ತು ನಿಮಿಷದಲ್ಲಿ ತೋರಿಸುತ್ತದೆ. ಕೈಯ ಮೇಲೆ ನಿಧಾನವಾಗಿ ಹರಿಯುತ್ತಾ ನಾಲಿಗೆ ಚಾಚುತ್ತಿದ್ದರೆ ಅದು ಸುತ್ತಲನ್ನು ತಿಳಿದುಕೊಳ್ಳುತ್ತಿದೆ ಎಂದರ್ಥ, ಕುತ್ತಿಗೆಯನ್ನು ಕೊಂಕಿಸಿ ಹಿಂದಕ್ಕೆ ಸೆಳೆದುಕೊಂಡಿದ್ದರೆ ಹೆದರಿದೆ. ಕಣ್ಣಿನ ಅಂಚು ಮತ್ತು ಗದ್ದದ ಕೆಳಗಿನ ಸೀಳಿನಲ್ಲಿ ಕಪ್ಪು ನುಸಿಗಳಿವೆಯೇ, ಬಾಯಂಚಿನಲ್ಲಿ ಗುಳ್ಳೆ ಬರುತ್ತಿದೆಯೇ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದಿದೆಯೇ, ಬೆನ್ನುಮೂಳೆ ಎದ್ದು ಕಾಣುತ್ತಿದೆಯೇ ಎಂದು ಬೆಳಕಿನಲ್ಲಿ ನೋಡಿ. ನಿಮ್ಮ ಕಣ್ಣೆದುರೇ ಒಮ್ಮೆ ಅದಕ್ಕೆ ಉಣಿಸಿ ತೋರಿಸುವಂತೆ ಕೇಳಿ, ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ. ಸ್ಪೈಡರ್ ಎಂಬ ಬಣ್ಣದ ತಳಿ ನೋಡಲು ಆಕರ್ಷಕವಾಗಿದ್ದರೂ ತಲೆ ತಿರುಚುವ, ಅದುರುವ ದೋಷ ಅದಕ್ಕೆ ಹುಟ್ಟಿನಿಂದಲೇ ಅಂಟಿ ಬರುತ್ತದೆ. ಅಂಥ ಹಾವಿಗೆ ಬೇಡಿಕೆ ಹೆಚ್ಚಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ನಿಮ್ಮ ಹಳೆಯ ಹಾವುಗಳಿಗೂ ಹೊಸದಕ್ಕೂ ವ್ಯತ್ಯಾಸವಿದೆ. ಕಾರ್ನ್ ಸ್ನೇಕ್ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಲ್ಲ, ಬಾಲ್ ಪೈಥಾನ್ ಅದರ ಎರಡನೆಯ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ಅಂಥ ಪ್ರಾಣಿಗಳು ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿವೆ, 2024ರ ನಿಯಮಗಳ ಪ್ರಕಾರ ಅವು ನಮ್ಮ ವಶಕ್ಕೆ ಬಂದ 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಮಾರುವವರ ಹೆಸರಿನಲ್ಲಿ ಮೊದಲೇ ನೋಂದಣಿ ಇರುವ ಹಾವನ್ನಷ್ಟೇ ಕೊಂಡುಕೊಳ್ಳಿ.

ಈಗ ನಮ್ಮ ಹವೆಯ ಮಾತು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25–26 ಡಿಗ್ರಿ, ಗಾಳಿಯಲ್ಲಿ ಶೇ. 60ರ ಆಸುಪಾಸಿನ ತೇವ ಬೇಕು. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಬಿಸಿ ಕೊಡುವುದು ಕಷ್ಟವಲ್ಲ, ಡಿಸೆಂಬರ್–ಜನವರಿಯ ರಾತ್ರಿಗಳಿಗೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಜೋಡಿಸಿದ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು) ಸಾಕು. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಹೊಟ್ಟೆಯ ಚರ್ಮವನ್ನು ಸುಡುತ್ತದೆ, ಹಾವು ಅಲ್ಲಿಂದ ಸರಿಯದೆ ಸುಟ್ಟುಕೊಳ್ಳುತ್ತದೆ. ನಮಗೆ ಕಷ್ಟವಾಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಗಾಳಿ ಮತ್ತು ಮಧ್ಯಾಹ್ನದ ಝಳ. ತೇವ ಸಾಲದಿದ್ದರೆ ಪೊರೆ ಒಂದೇ ಚೀಲದಂತೆ ಕಳಚದೆ ಚೂರುಚೂರಾಗಿ ಉಳಿಯುತ್ತದೆ, ಕಣ್ಣಿನ ಮೇಲಿನ ಪೊರೆ ಅಂಟಿಕೊಂಡರೆ ತೊಂದರೆ ಬೆಳೆಯುತ್ತದೆ. ನಾನು ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪ ಹಾಸಿ, ಮೇಲ್ಪದರವನ್ನು ಒಣಗಿರಲು ಬಿಟ್ಟು, ಮೂಲೆಗಳಲ್ಲಿ ತಳಕ್ಕೆ ನೀರು ಸುರಿಯುತ್ತೇನೆ. ಮಗುಚಿಟ್ಟ ಮಣ್ಣಿನ ಕುಡಿಕೆಯೊಂದಕ್ಕೆ ಬಾಯಿ ಕೊರೆದು ಒಳಗೆ ಒದ್ದೆ ಪಾಚಿ ತುಂಬಿದರೆ ಅದೇ ಹುತ್ತ. ಕೋಣೆಯ ಬಿಸಿ 35 ಡಿಗ್ರಿ ದಾಟುವ ದಿನಗಳಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ಇಳಿಸಿ, ಮನೆಯ ಅತ್ಯಂತ ತಂಪಾದ ಗೋಡೆಗೆ ಒರಗಿಸಿಡಿ.

ಹಳೆಯ ಹಾವುಗಳಿರುವ ಮನೆಗೆ ಹೊಸದು ಬಂದಾಗ 90 ದಿನ ಬೇರೆ ಕೋಣೆಯಲ್ಲಿ ಇಡುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ನಾಲ್ಕು ವರ್ಷಗಳ ಹಿಂದೆ ಬೇರೆ ಊರಿನ ಮಾರಾಟಗಾರರೊಬ್ಬರಿಂದ ಹಾವು ತಂದ ರಾತ್ರಿ, ಮನೆಯಲ್ಲಿ ನೆಂಟರಿದ್ದರೆಂದು, ಅದನ್ನು ನನ್ನ ಹಳೆಯ ಕಾರ್ನ್ ಸ್ನೇಕ್ ಇದ್ದ ಕೋಣೆಯಲ್ಲೇ ಇಟ್ಟೆ. ಮೂರನೆಯ ವಾರ ಹಳೆಯದರ ನೀರಿನ ಬಟ್ಟಲಿನಲ್ಲಿ ಗಸಗಸೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ತೇಲುತ್ತಿದ್ದವು. ನುಸಿ ಹಾವಿನ ಮೈಬಿಟ್ಟು ಇಳಿದು, ಪೆಟ್ಟಿಗೆಯ ಬಿರುಕುಗಳಲ್ಲಿ ಮೊಟ್ಟೆಯಿಟ್ಟು, ಕೋಣೆಯುದ್ದಕ್ಕೂ ನಡೆದು ಮುಂದಿನ ಪೆಟ್ಟಿಗೆ ಸೇರುತ್ತದೆ ಎಂಬುದನ್ನು ನಾನು ಓದಿ ತಿಳಿದಿದ್ದೆ, ಆದರೂ ಒಂದು ರಾತ್ರಿಯಲ್ಲವೇ ಎಂದುಕೊಂಡಿದ್ದೆ. ಎರಡು ತಿಂಗಳು ಪಶುವೈದ್ಯರ ಚಿಕಿತ್ಸೆ ಬೇಕಾಯಿತು. ಅದುವರೆಗೆ ಒಂದು ಊಟವನ್ನೂ ತಪ್ಪಿಸದಿದ್ದ ಆ ಹಾವು ಕಣ್ಣೆದುರು ಬಡಕಲಾದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ನುಸಿಯಾದರೂ ಕಣ್ಣಿಗೆ ಕಾಣುತ್ತದೆ. 2014ರಲ್ಲಿ ಬಾಲ್ ಪೈಥಾನ್‌ಗಳಲ್ಲಿ ಗುರುತಿಸಲಾದ ನೀಡೋವೈರಸ್‌ನಂಥ ಉಸಿರಾಟದ ಸೋಂಕು ಲಕ್ಷಣ ತೋರಿಸದೆ ತಿಂಗಳುಗಟ್ಟಲೆ ಒಳಗಿರಬಲ್ಲದು. ಆದ್ದರಿಂದ ಇಕ್ಕಳ, ಬಟ್ಟಲು ಎಲ್ಲವೂ ಬೇರೆಯಾಗಿರಲಿ, ಪ್ರತಿದಿನ ಹಳೆಯ ಹಾವುಗಳ ಕೆಲಸ ಮುಗಿಸಿದ ನಂತರವೇ ಹೊಸದರ ಕೋಣೆಗೆ ಹೋಗಿ.

ತಂದ ಮೊದಲ ವಾರ ಅದನ್ನು ಮುಟ್ಟಬೇಡಿ. ಎಂಟನೆಯ ದಿನ ರಾತ್ರಿ, ಅದರ ಮೈಯ ದಪ್ಪಕ್ಕೆ ಸಮನಾದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಿಂದ ಹಿಡಿಯಿರಿ. ಒಲ್ಲದಿದ್ದರೆ ಇನ್ನೊಂದು ವಾರ ಬಿಡಿ. ಕಾರ್ನ್ ಸ್ನೇಕ್‌ನ ಹಸಿವನ್ನು ನೋಡಿ ಅಭ್ಯಾಸವಾದ ನಿಮಗೆ ಗಾಬರಿಯಾಗಬಹುದು, ಆದರೆ ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದರೂ ತೂಕ ಅಷ್ಟಾಗಿ ಇಳಿಯದಿದ್ದರೆ ಆತಂಕವಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಅದಕ್ಕೆಂದೇ ಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ. 20ರಿಂದ 30 ವರ್ಷ ಬಾಳುವ ಹಾವು ಇದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಮೊಟ್ಟೆಯಿಟ್ಟ ಬಾಲ್ ಪೈಥಾನ್‌ಗೆ 60 ದಾಟಿತ್ತೆಂದು ಅಂದಾಜಿಸಿದ್ದಾರೆ. ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬೆಂಗಳೂರಿನಿಂದ ತರುವುದಾದರೆ ಏಪ್ರಿಲ್‌ನಲ್ಲಿ ತರಬೇಡಿ, ಮುಂಗಾರು ಹಿಡಿದ ಮೇಲೆ, ಹತ್ತಿಯ ಚೀಲದಲ್ಲಿ ಕಟ್ಟಿ, ತೂತು ಕೊರೆದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಕಾರಿನ ಡಿಕ್ಕಿಯಲ್ಲಲ್ಲ, ನಿಮ್ಮ ಪಕ್ಕದ ಸೀಟಿನಲ್ಲಿ ತನ್ನಿ.