ಎದೆಹಾಲಿಗೂ ಭಾಷೆ ಬೇಕೇ ಎಂದು ಕೇಳಿದ ಗೆಳತಿಗೆ

"ಮಗುವಿಗೆ ಹಾಲು ಕುಡಿಸಲು ಭಾಷೆ ಏಕೆ ಬೇಕು? ಕೇರಳದ ಆರೋಗ್ಯ ವ್ಯವಸ್ಥೆಯನ್ನು ದೇಶವೇ ಹೊಗಳುತ್ತದೆ, ನಿಮಗಿನ್ನೇನು ಕೊರಗು?" ಎಂದು ನೀನು ಬೆಂಗಳೂರಿನಿಂದ ಕೇಳಿದಾಗ ಫೋನಿನಲ್ಲಿ ಉತ್ತರಿಸಲಾಗಲಿಲ್ಲ. ಆ ಹೊಗಳಿಕೆ ಸುಳ್ಳಲ್ಲ. ಕಾಸರಗೋಡಿನ ನಮ್ಮ ಮನೆಗಳಿಗೂ ಆಶಾ ಕಾರ್ಯಕರ್ತೆಯರು ಬರುತ್ತಾರೆ, ಅಂಗನವಾಡಿಯೂ ಹತ್ತಿರದಲ್ಲಿದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ನೀರೂ ಇಲ್ಲದೆ ಅದೊಂದೇ, ಆಮೇಲೆ ಮೇಲಾಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎಂಬುದು ನಿಮಗೆ ತಿಳಿದಿರುವಷ್ಟೇ ನಮಗೂ ತಿಳಿದಿದೆ.

ನಾವು ಎಡವುವುದು ಬೇರೊಂದು ಕಡೆ. ನನ್ನ ತಮ್ಮನ ಹೆಂಡತಿ ಘಟ್ಟದ ಮೇಲಿನವಳು. ತವರಿನಲ್ಲಿ ಬಾಣಂತನ ಮಾಡುವವರಿಲ್ಲದ ಕಾರಣ ಅವಳ ಹೆರಿಗೆ ಇಲ್ಲಿಯೇ ಆಯಿತು. ಎರಡನೆಯ ದಿನ ದಾದಿ ಅಕ್ಕರೆಯಿಂದಲೇ "ಪಾಲುಂಡೋ?" ಎಂದು ಕೇಳಿದರು. ಮಲಯಾಳದಲ್ಲಿ ಅದಕ್ಕೆ "ಹಾಲಿದೆಯೇ?" ಎಂದರ್ಥ, ಮತ್ತು ತುಳು ಬಲ್ಲ ನಮಗೆ "ಉಂಡು" ಎಂದರೆ "ಇದೆ" ಎಂದೇ ಕೇಳಿಸುತ್ತದೆ. ಅವಳಿಗೆ ಕೇಳಿಸಿದ್ದು ಉಣ್ಣುವ ಉಂಡು. ಮಗು ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲವಾದ್ದರಿಂದ "ಇಲ್ಲ" ಎಂದಳು, ಮತ್ತು "ಇಲ್ಲ" ಎಂಬುದು ಎರಡೂ ಭಾಷೆಗಳಲ್ಲಿ ಇಲ್ಲವೇ. ತಾಯಿಗೆ ಹಾಲಿಲ್ಲವಂತೆ ಎಂಬ ಮಾತು ದೊಡ್ಡಮ್ಮನ ಕಿವಿಗೆ ಬಿತ್ತು, ಸಂಜೆಯೊಳಗೆ ಹಾಲಿನ ಪುಡಿಯ ಡಬ್ಬಿ ಬಂತು.

ಎದೆ ಬರಿದಾದಷ್ಟೂ ಹಾಲು ಹುಟ್ಟುತ್ತದೆ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಅದನ್ನು ಹರಿಸುತ್ತದೆ, ಜೊತೆಗೆ ಗರ್ಭಕೋಶವನ್ನು ಕುಗ್ಗಿಸಿ ಬಾಣಂತಿಯ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿಸಿಕೊಂಡ ಮಗು ಎದೆಯನ್ನು ಚೀಪುವುದು ಕಡಿಮೆಯಾಯಿತು, ಮತ್ತು ನಾಲ್ಕೈದು ದಿನಗಳಲ್ಲಿ ತಪ್ಪಾಗಿ ಕೇಳಿಸಿಕೊಂಡ ಮಾತೇ ನಿಜವಾಗತೊಡಗಿತು. 1992ರ ಕೇಂದ್ರ ಕಾಯಿದೆ ಇಂಥ ಡಬ್ಬಿಗಳ ಜಾಹೀರಾತನ್ನು ನಿಷೇಧಿಸಿದೆ, ಅದು ಒಳ್ಳೆಯದೇ. ಆದರೆ ನಮ್ಮ ಮನೆಗೆ ಡಬ್ಬಿಯನ್ನು ತಂದದ್ದು ಜಾಹೀರಾತಲ್ಲ.

ಮತ್ತೆ ಹಾಲು ಬರುವಂತೆ ಮಾಡಲು ಒಂದು ವಾರ ಹಗಲಿರುಳು ಒದ್ದಾಡಿದೆವು. ಮಗು ಬಾಯಿಯನ್ನು ಅಗಲವಾಗಿ ತೆರೆಯಬೇಕು, ತೊಟ್ಟಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು, ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮಗು ಉಚ್ಚೆ ಹೊಯ್ದು ಬಟ್ಟೆ ಒದ್ದೆಯಾದರೆ ಹಾಲು ಸಾಲುತ್ತಿದೆ ಎಂದು ತಿಳಿಯಬೇಕು. ಇವೆಲ್ಲವೂ ಮೊದಲ ದಿನವೇ ಅವಳ ದಿಂಬಿನ ಕೆಳಗಿದ್ದ ಕರಪತ್ರದಲ್ಲಿ ಮಲಯಾಳ ಲಿಪಿಯಲ್ಲಿ ಇದ್ದವು. ನಾನು ಓದಿ ಹೇಳಿದಾಗ "ಮುಲಪ್ಪಾಲ್", "ಆರು ಮಾಸಂ" ಮುಂತಾದ ಅರ್ಧದಷ್ಟು ಮಾತು ಅವಳಿಗೆ ತಾನಾಗಿಯೇ ಅರ್ಥವಾಯಿತು. ಕಿವಿಗೆ ಇಷ್ಟು ಹತ್ತಿರವಾದದ್ದು ಕಣ್ಣಿಗೆ ಅಷ್ಟು ದೂರವಿತ್ತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

"ಹಾಗಾದರೆ ಮಲಯಾಳ ಕಲಿಯಿರಿ" ಎಂದು ನೀನು ಹೇಳಬಹುದು. ಕಲಿತಿದ್ದೇವೆ, ಪ್ರೀತಿಯಿಂದಲೇ ಕಲಿತಿದ್ದೇವೆ. ಆದರೆ ಹೆತ್ತು ಎರಡು ದಿನವಾದ ಹೆಣ್ಣುಮಗಳಿಗೆ ಅಕ್ಷರಾಭ್ಯಾಸ ಮಾಡಿಸಲಾಗದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಅಜ್ಜಿಯಂದಿರು ಬಾಣಂತಿಯ ಕೋಣೆಯಲ್ಲಿ ಆಡುತ್ತಿದ್ದ ಭಾಷೆಯೇನೂ ಬದಲಾಗಲಿಲ್ಲ. ಇಲ್ಲಿನ ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಒಪ್ಪಿದೆ. ಅರ್ಜಿಗೆ ಸಲ್ಲುವ ಭಾಷೆ ಬಾಣಂತಿಯ ಕರಪತ್ರಕ್ಕೂ ಸಲ್ಲಲಿ ಎಂದಷ್ಟೇ ನಾನು ಕೇಳುತ್ತಿರುವುದು.

ಈಗ ನೆರೆಯಲ್ಲಿ ಹೆರಿಗೆಯಾದರೆ ನಾನೇ ಹೋಗಿ, "ಹಾಲಿದೆಯೇ" ಎಂದು ಕೇಳದೆ, ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾಯಿತು ಎಂದು ಕೇಳುತ್ತೇನೆ. ನೀನು ಮುಂದಿನ ಸಲ ಬರುವಾಗ ಅಲ್ಲಿನ ಆಸ್ಪತ್ರೆಗಳಲ್ಲಿ ಎದೆಹಾಲಿನ ಬಗ್ಗೆ ಕನ್ನಡ ಕರಪತ್ರಗಳು ಸಿಕ್ಕರೆ ಒಂದು ಕಟ್ಟು ತಂದುಕೊಡು. ಕೊನೆಯಲ್ಲಿರುವ ದೂರವಾಣಿ ಸಂಖ್ಯೆಗಳು ನಮಗೆ ಉಪಯೋಗವಾಗವು, ಉಳಿದದ್ದೆಲ್ಲ ಆದೀತು.