ಕುಣಿತಕ್ಕೆ ಕರೆದವರು ಪಾಠಕ್ಕೂ ಕರೆಯಲಿ

ಪತ್ರ: ಆದಿವಾಸಿ ವಿದ್ಯಾರ್ಥಿಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಮೀಸಲಾತಿ ಇದೆ, ಹಾಸ್ಟೆಲ್ ಇದೆ, ಸ್ಕಾಲರ್‌ಶಿಪ್ ಇದೆ. ವಿಶ್ವವಿದ್ಯಾಲಯ ಇನ್ನೇನು ಮಾಡಬೇಕು? ಕಾಡಿನವರ ತಿಳಿವಳಿಕೆಯನ್ನು ಸಿಲಬಸ್‌ಗೆ ತಂದರೆ ಮಟ್ಟ ಇಳಿಯುವುದಿಲ್ಲವೇ? ಡಿಗ್ರಿ ಇಲ್ಲದವರು ಪಾಠ ಮಾಡಿದರೆ ಪರೀಕ್ಷೆ ಯಾರು ನಡೆಸಬೇಕು?
— ನಿವೃತ್ತ ಉಪನ್ಯಾಸಕರು, ಕೊಳ್ಳೇಗಾಲ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಊರಿನಿಂದ ಬಿಳಿಗಿರಿರಂಗನ ಬೆಟ್ಟ ದೂರವಿಲ್ಲ. ಹಾಗಾಗಿ ಮಟ್ಟದ ಪ್ರಶ್ನೆಯನ್ನು ಅಲ್ಲಿಂದಲೇ ಶುರುಮಾಡೋಣ.

ಆ ಕಾಡಿನ ಆದಿವಾಸಿಗಳಾದ ಸೋಲಿಗರು ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುತ್ತದೆ, ಬೆಂಕಿ ಕೆಳಗೇ ಹರಿದು ಹೋಗುತ್ತದೆ, ದೊಡ್ಡ ಮರಕ್ಕೆ ತಗಲುವುದಿಲ್ಲ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ಎಂಬ ಕಳೆ ಆಳೆತ್ತರ ಬೆಳೆದು ಕಾಡನ್ನೇ ಮುಚ್ಚಿತು. ನೆಲ್ಲಿ ಮರಗಳ ಮೇಲೆ ಅವುಗಳ ರಸ ಹೀರಿ ಬದುಕುವ ಬಂದಳಿಕೆಯೂ ಜಾಸ್ತಿಯಾಯಿತು. 'ಬೆಂಕಿ ನಿಲ್ಲಿಸಿದ್ದಕ್ಕೇ ಹೀಗಾಯಿತು' ಎಂದು ಸೋಲಿಗರು ಹೇಳುತ್ತಲೇ ಬಂದರು. ನೆಲ್ಲಿಕಾಯಿ ಕಿತ್ತು ಬದುಕಿದವರು ಅವರು, ಒಂದೊಂದು ಮರದ ಕಥೆಯೂ ಗೊತ್ತು. ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡು ಜರ್ನಲ್‌ಗಳಲ್ಲಿ ಬರೆಯುವಷ್ಟರಲ್ಲಿ ಈ ಶತಮಾನವೇ ಬಂದಿತ್ತು. ಇಂಥ ಪಾಠ ಬಂದರೆ ಪರಿಸರ ವಿಜ್ಞಾನದ ಎಂ.ಎಸ್‌ಸಿ. ತರಗತಿಯ ಮಟ್ಟ ಇಳಿಯುತ್ತದಾ?

2022ರಲ್ಲಿ ಇದೇ ಕಾಡಿನಲ್ಲಿ ಸಿಕ್ಕ ಕಣಜದ ಹುಳುವಿನ ಒಂದು ಹೊಸ ಕುಲಕ್ಕೆ (ಜೀನಸ್) ವಿಜ್ಞಾನಿಗಳು 'ಸೋಲಿಗ' ಎಂದೇ ಹೆಸರಿಟ್ಟರು. ಒಳ್ಳೆಯ ಮನಸ್ಸಿನ ಕೆಲಸ, ನನಗೂ ಖುಷಿಯಾಯಿತು. ಆದರೆ ನಮ್ಮ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಎಷ್ಟು ಜನ ಸೋಲಿಗ ಅಧ್ಯಾಪಕರನ್ನು ನೀವು ನೋಡಿದ್ದೀರಿ?

ಮೀಸಲಾತಿ ಇದೆ ಎಂದಿರಿ. ಇದೆ. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡದ ಪಾಲನ್ನು ಶೇ. 3ರಿಂದ 7ಕ್ಕೆ ಏರಿಸಿತು. ಆದರೆ 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಅವರಲ್ಲಿ ಸೋಲಿಗರು 34 ಸಾವಿರದ ಆಸುಪಾಸು, ಕರಾವಳಿಯ ಕೊರಗರು 15 ಸಾವಿರದೊಳಗೆ. ಪಟ್ಟಿಯಲ್ಲಿರುವ ದೊಡ್ಡ ಸಮುದಾಯಗಳ ಕಷ್ಟ ಸುಳ್ಳು ಎನ್ನುತ್ತಿಲ್ಲ. ಆದರೂ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಆಶ್ರಮ ಶಾಲೆಗೆ, ಅಲ್ಲಿಂದ ಹಾಸ್ಟೆಲ್ಲಿಗೆ ಬಂದ ಹುಡುಗಿ ಅದೇ ಸೀಟಿಗೆ ತಾಲೂಕು ಕೇಂದ್ರದಲ್ಲಿ ಓದಿದವರ ಜೊತೆ ಪೈಪೋಟಿ ಮಾಡಬೇಕು.

ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಫೀಸನ್ನು ಈಗಲೇ ಕಟ್ಟು ಎನ್ನುತ್ತಾರೆ, ಸ್ಕಾಲರ್‌ಶಿಪ್ ದುಡ್ಡು ಆಮೇಲೆ ಯಾವಾಗಲೋ ಬರುತ್ತದೆ. ರೊಟ್ಟಿ ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ಹಾಜರಾತಿ ಕಮ್ಮಿ. ಕಾಲೇಜು ವಾರ್ಷಿಕೋತ್ಸವ ಬಂತೆಂದರೆ ಮಾತ್ರ ಎಲ್ಲರಿಗೂ ಅವಳ ನೆನಪು: 'ನಿಮ್ಮವರನ್ನು ಕರೆಸಮ್ಮ, ಗೊರುಕನ ಕುಣಿಯಲಿ.' ಕುಣಿದವರಿಗೆ ಊಟ ಹಾಕಿ, ಫೋಟೋ ತೆಗೆಸಿ ಬಸ್ ಹತ್ತಿಸುತ್ತಾರೆ. ನಿಮ್ಮ ಸರ್ವಿಸ್‌ನಲ್ಲಿ ನೀವೂ ಇದನ್ನು ನೋಡಿರುತ್ತೀರಿ, ಅಲ್ವಾ?

ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ಮೇಜಿನ ಆಚೆ ಯಾರು ಕೂತಿದ್ದಾರೆ ಎನ್ನುವುದು. ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್.ಡಿ. ಮಾಡಿದವರು, ಅರಣ್ಯ ಹಕ್ಕಿನ ಹೋರಾಟದಲ್ಲೂ ಇದ್ದವರು. ಕಾಡಿನ ಬಗ್ಗೆ ಏನನ್ನು ಸಂಶೋಧನೆ ಮಾಡಬೇಕು ಅಂತ ಅಂಥವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಅದು ಒಳ್ಳೆಯದೇ. ಆದರೆ ಅರಣ್ಯಶಾಸ್ತ್ರ, ಸಸ್ಯಶಾಸ್ತ್ರ, ಕಾನೂನು ವಿಭಾಗಗಳಿಗೂ ಇವರು ಬರಬೇಕು. ಬುಡಕಟ್ಟಿನವರಿಗೆ ಬುಡಕಟ್ಟಿನದೇ ವಿಷಯ ಅಂತ ಒಂದು ಮೂಲೆ ತೋರಿಸಿ ಸುಮ್ಮನಾಗಬಾರದು.

ಡಿಗ್ರಿ ಇಲ್ಲದ ಹಿರಿಯರ ವಿಷಯಕ್ಕೆ ಬರೋಣ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲೇ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆಗೆ ದಾರಿ ಮಾಡಿದೆ. ತಮ್ಮ ಕೆಲಸದಲ್ಲಿ 15 ವರ್ಷ ಪಳಗಿದವರನ್ನು ಡಿಗ್ರಿ ಕಡ್ಡಾಯ ಮಾಡದೆ ತೆಗೆದುಕೊಳ್ಳಬಹುದು, ಮಂಜೂರಾದ ಹುದ್ದೆಗಳ ಶೇ. 10ರವರೆಗೆ. ಕಂಪನಿಗಳಿಂದ ನಿವೃತ್ತರಾದವರನ್ನು ಕರೆತರುವುದಕ್ಕೇ ಇದು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಜೀವಮಾನವಿಡೀ ಜೇನು ಕಿತ್ತವರ ಅರ್ಜಿಯನ್ನೂ ಒಮ್ಮೆ ತೆಗೆದು ನೋಡಲಿ.

ಪರೀಕ್ಷೆ ಯಾರು ನಡೆಸಬೇಕು ಎಂದು ಕೇಳಿದಿರಿ. ಥಿಯರಿ ಪತ್ರಿಕೆಯನ್ನು ನಿಮ್ಮಂಥವರು ತಿದ್ದಿ. ಪ್ರಾಕ್ಟಿಕಲ್ ಕಾಡಿನಲ್ಲೇ ಆಗಲಿ, ಅಲ್ಲಿ ಹಿರಿಯರು ಕೇಳಲಿ, ಅಂಕವನ್ನೂ ಅವರೇ ಹಾಕಲಿ. ಅವರು ಹೇಳಿದ್ದನ್ನು ಬರೆದುಕೊಂಡು ಪ್ರಬಂಧ ಮಾಡುವವರು ಲೇಖಕರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಲಿ. ಕೊನೆಯ ಪುಟದ ಕೃತಜ್ಞತೆಯಲ್ಲಿ 'ಸ್ಥಳೀಯ ಮಾಹಿತಿದಾರರು' ಎಂದು ಮುಗಿಸುವುದು ಇನ್ನು ಸಾಕು. ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಬೇಕು. ಬಸ್ ಚಾರ್ಜು ಬೇರೆ.

— ಸಂಪಾದಕ