ಬಾಗಿಲು ಹಾಕಿದೊಡನೆ ಕಾಡುವ ಮನೆ

ಪ್ರಶ್ನೆ: ಪದವಿಯ ಮೊದಲ ವರ್ಷ ಓದಲು ಮನೆ ಬಿಟ್ಟು ಹಾಸ್ಟೆಲ್ ಸೇರಿ ಏಳು ವಾರಗಳಾದವು. ತರಗತಿಯಲ್ಲಿ ಇರುವಷ್ಟು ಹೊತ್ತು ಏನೂ ಅನಿಸುವುದಿಲ್ಲ; ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿದೊಡನೆ ಗಂಟಲು ಕಟ್ಟುತ್ತದೆ. ದಿನಕ್ಕೆ ನಾಲ್ಕೈದು ಸಲ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತೇನೆ, ಮುಗಿದ ಮೇಲೆ ಸಂಕಟ ಇನ್ನೂ ಹೆಚ್ಚುತ್ತದೆ. ಪ್ರತಿ ವಾರಾಂತ್ಯ ಮನೆಗೆ ಹೋಗಿ ಬಂದರೂ ಸಮಾಧಾನವಿಲ್ಲ. ಓದು ಬಿಟ್ಟು ಮರಳಿಬಿಡೋಣ ಅನಿಸುತ್ತಿದೆ. ನನ್ನ ಮನಸ್ಸು ಇಷ್ಟು ದುರ್ಬಲವೇ?

ಉತ್ತರ: ಖಂಡಿತ ಅಲ್ಲ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದೇ ಸಂಕಟದ ಮೇಲೆ ಪ್ರಬಂಧ ಬರೆದು, ಗ್ರೀಕ್ ಭಾಷೆಯಲ್ಲಿ ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಅದಕ್ಕೆ ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟ. ಇಂದು ಹಳೆಯ ದಿನಗಳ ಸವಿನೆನಪಿಗೆ ಬಳಸುವ ಈ ಮಾತು ಆಗ ಒಂದು ಕಾಯಿಲೆಯ ಹೆಸರಾಗಿತ್ತು. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದು ಹಾಸಿಗೆ ಹಿಡಿದ ತರುಣನೊಬ್ಬನ ಕಥೆ ಅದರಲ್ಲಿದೆ. ಅವನು ಉಳಿಯುವ ಆಸೆಯನ್ನೇ ಸುತ್ತಲಿನವರು ಬಿಟ್ಟಿದ್ದಾಗ ಮನೆಗೆ ಹೊರಡಿಸಿದರು. ಬರ್ನ್ ತಲುಪುವ ಮೊದಲೇ, ದಾರಿಯಲ್ಲಿಯೇ, ಅವನು ಚೇತರಿಸಿಕೊಂಡ. ಮನೆಗೆ ಕಳುಹಿಸುವುದೇ ಇದಕ್ಕೆ ಮದ್ದು ಎಂದು ಹೋಫರ್ ತೀರ್ಮಾನಿಸಿದ. ನನಗೆ ಮಾತ್ರ ಆ ತರುಣನನ್ನು ಎಬ್ಬಿಸಿ ಕೂರಿಸಿದ್ದು ಮನೆಗಿಂತ ಹೆಚ್ಚಾಗಿ, ಹೋಗುವುದು ಖಚಿತವಾಯಿತು ಎಂಬ ನೆಮ್ಮದಿ ಎಂದು ತೋರುತ್ತದೆ.

ಆದ್ದರಿಂದ ಮನೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವ ದಿನವನ್ನು ಮೂರು ವಾರ ಮುಂದಕ್ಕೆ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎನ್ನುತ್ತೇನೆ. ಪ್ರತಿ ಶನಿವಾರ ಚೀಲ ಕಟ್ಟುವವರಿಗೆ ಹಾಸ್ಟೆಲ್ಲಿನ ಭಾನುವಾರ ಹೇಗಿರುತ್ತದೆ ಎಂಬುದೇ ತಿಳಿದಿರುವುದಿಲ್ಲ. ತಡವಾಗಿ ಎದ್ದು, ಬಕೆಟ್ ಹಿಡಿದು ಸರದಿಗೆ ಕಾಯುತ್ತ, ಒಗೆದ ಬಟ್ಟೆ ಹರವಲು ಹಗ್ಗದ ಮೇಲೆ ಜಾಗ ಹುಡುಕುತ್ತ ಆಡುವ ಕೆಲಸಕ್ಕೆ ಬಾರದ ಮಾತುಗಳಲ್ಲಿಯೇ ಜೊತೆಗಾರರು ಸಿಗುತ್ತಾರೆ; ಸೋಮವಾರ ಮರಳಿ ಬರುವ ನಿಮಗೆ ಆ ಮಾತುಗಳ ತುದಿ ಮೊದಲು ತಿಳಿಯುವುದಿಲ್ಲ.

ಫೋನಿನ ವಿಷಯ ಸ್ವಲ್ಪ ಸೂಕ್ಷ್ಮ. ದುಃಖ ಉಕ್ಕಿದಾಗಲೆಲ್ಲ ಕರೆ ಮಾಡುತ್ತ ಹೋದರೆ, ಮನೆಯೆಂದರೆ ಅಳು ಬರುವ ಹೊತ್ತಿನ ಜಾಗ ಎಂದು ಮನಸ್ಸಿಗೆ ರೂಢಿಯಾಗುತ್ತದೆ. ಅತ್ತ ಅಮ್ಮನೂ ಕಣ್ಣೊರೆಸಿಕೊಂಡು ನಗುತ್ತ ಕ್ಯಾಮೆರಾವನ್ನು ನಿಮ್ಮ ಖಾಲಿ ಮಂಚದತ್ತ ತಿರುಗಿಸುತ್ತಾರೆ, ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ದಿನಕ್ಕೆ ಒಂದೇ ಕರೆ ಇರಲಿ, ಅದು ಮಲಗುವ ಮುನ್ನ ಬೇಡ, ರಾತ್ರಿಯ ಊಟಕ್ಕೆ ಮೊದಲೇ ಮುಗಿಯಲಿ. ಆ ದಿನ ನಡೆದ ಒಂದು ಸಂಗತಿಯನ್ನು, ಅದು ಮೇಷ್ಟ್ರ ಕೆಮ್ಮಿನ ಬಗೆಗಾದರೂ ಸರಿ, ಹೇಳಲೆಂದೇ ಎತ್ತಿಟ್ಟುಕೊಳ್ಳಿ. ಹೇಳಲು ಏನಾದರೂ ಬೇಕೆಂಬ ಕಾರಣಕ್ಕಾದರೂ ಕಣ್ಣು ಸುತ್ತಲಿನ ಜಾಗವನ್ನು ನೋಡಲು ತೊಡಗುತ್ತದೆ.

ನಿಮ್ಮ ಸಂಕಟಕ್ಕೆ ಹೊತ್ತು ಗೊತ್ತಿದೆ ಎಂಬುದು ನಿಮ್ಮ ಪತ್ರದಲ್ಲಿಯೇ ಇದೆ. ತರಗತಿ ಮುಗಿದೊಡನೆ ನೇರವಾಗಿ ಕೋಣೆಗೆ ಹೋಗಬೇಡಿ. ಗ್ರಂಥಾಲಯವೋ ಮೈದಾನವೋ, ಒಂದೇ ಜಾಗಕ್ಕೆ ದಿನವೂ ಒಂದೇ ಹೊತ್ತಿಗೆ ಹೋಗಿ. ಅಲ್ಲಿ ಯಾರನ್ನೂ ಮಾತನಾಡಿಸಲೇಬೇಕೆಂದಿಲ್ಲ. ಹತ್ತು ದಿನ ಕಂಡ ಮುಖ ಹನ್ನೊಂದನೆಯ ದಿನ ತಾನಾಗಿಯೇ ತಲೆದೂಗುತ್ತದೆ.

ಓದು ಬಿಡುವ ತೀರ್ಮಾನವನ್ನು ಈ ಸೆಮಿಸ್ಟರಿನ ಪರೀಕ್ಷೆ ಮುಗಿಯುವವರೆಗೆ ಮುಂದೂಡಿ, ಅದನ್ನು ಸಂಜೆಯ ಹೊತ್ತು ಎಂದೂ ಮಾಡಬೇಡಿ. ಇಷ್ಟೆಲ್ಲದರ ನಡುವೆ ಒಂದು ಎಚ್ಚರ ಅಗತ್ಯ: ತರಗತಿಯಲ್ಲಿಯೂ ಮನಸ್ಸು ನಿಲ್ಲದೆ, ನಿದ್ದೆ ಊಟಗಳು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರಗಳಷ್ಟು ಎಡೆಬಿಡದೆ ಮುಂದುವರಿದರೆ ಅದು ಖಿನ್ನತೆಯಿರಬಹುದು, ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ಬದುಕೇ ಬೇಡ ಎಂಬ ಯೋಚನೆ ಸುಳಿದರಂತೂ ಎರಡು ವಾರ ಕಾಯುವ ಮಾತಿಲ್ಲ, ಆ ಗಳಿಗೆಯಲ್ಲಿಯೇ ಪಕ್ಕದ ಕೋಣೆಯ ಬಾಗಿಲು ತಟ್ಟಿ, ಅಮ್ಮನಿಗೆ ಎರಡನೆಯ ಕರೆಯನ್ನೂ ಮಾಡಿ.